266ರಿಂದ 275: ದಯವಿಟ್ಟು ಸ್ಕಿಪ್ ಮಾಡಬೇಡಿ

'ಫೇರಿ ಟೇಲ್' ನೋಡೋಕೆ ಶುರು ಮಾಡ್ತೀನಿ ಅಂತ ನಮ್ಮ ಹಾಸ್ಟೆಲ್‌ನಲ್ಲಿ ಯಾರಾದರೂ ಬಾಯಿಬಿಟ್ಟರೆ ಸಾಕು, ಪಕ್ಕದ ರೂಮಿನಿಂದ ಒಬ್ಬ ಫಿಲ್ಲರ್ ಲಿಸ್ಟ್ ಹಿಡ್ಕೊಂಡು ಬಂದೇ ಬರ್ತಾನೆ. ಒಟ್ಟು 328 ಎಪಿಸೋಡ್. ಇಂಟರ್ನಲ್ಸು, ಲ್ಯಾಬ್ ರೆಕಾರ್ಡು, ಮಿನಿ ಪ್ರಾಜೆಕ್ಟು ಎಲ್ಲದರ ನಡುವೆ ಅಷ್ಟನ್ನೂ ನೋಡೋಕೆ ಪುರುಸೊತ್ತು ಯಾರಿಗಿದೆ? ಹಾಗಾಗಿ ಇದು ಸ್ಕಿಪ್, ಅದು ಸ್ಕಿಪ್ ಅಂತ ಪಟ್ಟಿ. ಆ ಪಟ್ಟಿಯಲ್ಲಿ ಎಷ್ಟೋ ಸಲ 266ರಿಂದ 275ರವರೆಗಿನ ಹತ್ತು ಎಪಿಸೋಡ್‌ಗಳೂ ಸೇರಿಕೊಂಡಿರ್ತವೆ. "ಅದರಲ್ಲಿ ನಾಟ್ಸು ಬರೋದೇ ಇಲ್ಲ ಮಗಾ, ಫಿಲ್ಲರ್ರು, ಬಿಡು" ಅಂತ ಒಂದೇ ಮಾತಲ್ಲಿ ಮುಗಿಸ್ತಾರೆ.

ಈ ಲೇಖನ ಆ ಹತ್ತು ಎಪಿಸೋಡ್‌ಗಳ ಪರವಾಗಿ. ಮುಂದೆ ಕಥೆಯ ಗುಟ್ಟೆಲ್ಲ ಬಿಟ್ಟುಕೊಡ್ತೀನಿ. ನೋಡಬೇಕು ಅಂತ ಇರೋರು ಮೊದಲು ನೋಡಿಕೊಂಡು ಬನ್ನಿ, ಇಪ್ಪತ್ತು ನಿಮಿಷದ್ದು ಹತ್ತು. ಒಂದು ಭಾನುವಾರದ ಕೆಲಸ.

ಮೊದಲನೆಯದಾಗಿ, ಅದು ಫಿಲ್ಲರ್ ಅಲ್ಲ. ಫೇರಿ ಟೇಲ್ ಬರೆದ ಹಿರೋ ಮಾಶಿಮಾ ಅವರೇ 2014-15ರಲ್ಲಿ 'ಫೇರಿ ಟೇಲ್ ಝೀರೋ' ಅಂತ ಹದಿಮೂರು ಅಧ್ಯಾಯದ ಒಂದು ಚಿಕ್ಕ ಮಂಗಾ ಬರೆದರು. ಮೂಲ ಮಂಗಾ ಬರ್ತಿದ್ದ ವಾರಪತ್ರಿಕೆಯಲ್ಲಲ್ಲ, ಬೇರೆಯದೇ ಮಾಸಿಕದಲ್ಲಿ. 2016ರ ಜನವರಿಯಿಂದ ಮಾರ್ಚ್‌ವರೆಗೆ ಅದೇ ಕಥೆ ಅನಿಮೆ ಆಗಿ ಬಂತು. ಬಂದ ಜಾಗ ಮಾತ್ರ ವಿಚಿತ್ರ. ಅದಕ್ಕೆ ಮುಂಚೆ ಟಾರ್ಟರಸ್ ಕಥೆ ಮುಗಿದಿರುತ್ತೆ. ಇಗ್ನೀಲ್ ಸತ್ತಿರ್ತಾನೆ, ನಾಟ್ಸು ಊರು ಬಿಟ್ಟಿರ್ತಾನೆ, ಗಿಲ್ಡೇ ಚೂರಾಗಿರುತ್ತೆ. ಮುಂದೇನಪ್ಪಾ ಅಂತ ನಾವು ಉಸಿರು ಬಿಗಿ ಹಿಡಿದು ಕೂತಿದ್ದರೆ, ಕಥೆ ನೂರಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಹೋಗಿ ಒಂದು ದ್ವೀಪದಲ್ಲಿ ಬರಿಗಾಲಲ್ಲಿ ನೀರು ಹೊರುವ ಆರು ವರ್ಷದ ಹುಡುಗಿಯನ್ನ ತೋರಿಸುತ್ತೆ. ಸಿಟ್ಟು ಬರೋದು ಸಹಜ ಬಿಡಿ.

ಆ ಹುಡುಗಿ ಮೇವಿಸ್ ವರ್ಮಿಲಿಯನ್. ಮುಂದೆ ಫೇರಿ ಟೇಲ್ ಗಿಲ್ಡ್ ಕಟ್ಟಿ ಅದರ ಮೊದಲ ಮಾಸ್ಟರ್ ಆಗುವವಳು.

ಫೇರಿ ಟೇಲ್‌ನಲ್ಲಿ ಅಪ್ಪ-ಅಮ್ಮ ಇಲ್ಲದ ಮಕ್ಕಳಿಗೆ ಬರವಿಲ್ಲ. ನಾಟ್ಸುವನ್ನ ಸಾಕಿದ್ದು ಒಂದು ಡ್ರ್ಯಾಗನ್, ಅದೂ ಒಂದು ದಿನ ಹೇಳದೆ ಕೇಳದೆ ಮಾಯ. ಗ್ರೇಯ ಅಪ್ಪ-ಅಮ್ಮನನ್ನ ಡೆಲಿಯೋರಾ ಕೊಂದಿತ್ತು. ಎರ್ಝಾ ಬೆಳೆದದ್ದು ಗೋಪುರ ಕಟ್ಟುವ ಗುಲಾಮರ ನಡುವೆ. ಲೂಸಿಗೆ ಅಮ್ಮ ಇಲ್ಲ. ಮಾಶಿಮಾ ಅವರೂ ಚಿಕ್ಕಂದಿನಲ್ಲೇ ತಂದೆಯನ್ನ ಕಳೆದುಕೊಂಡವರು. ಗುಡ್ಡಗಾಡಿನ ಊರಿನಲ್ಲಿ ತಾತ ಎಲ್ಲಿಂದಲೋ ಯಾರೋ ಎಸೆದ ಮಂಗಾ ಪುಸ್ತಕಗಳನ್ನ ಹುಡುಕಿ ತಂದುಕೊಡ್ತಿದ್ದರಂತೆ, ಇವರು ಅದರ ಚಿತ್ರಗಳನ್ನ ತಿದ್ದುತ್ತಾ ಕಲಿತರಂತೆ. ಅದೆಲ್ಲ ಸರಿ. ಆದರೆ ಮೂಲ ಸರಣಿಯಲ್ಲಿ ಈ ಮಕ್ಕಳ ಬಾಲ್ಯ ಬರೋದು ಹೇಗೆ? ಜಗಳದ ಮಧ್ಯೆ ಫ್ಲ್ಯಾಶ್‌ಬ್ಯಾಕ್ ಆಗಿ. ನೆಲಕ್ಕೆ ಬಿದ್ದ ನಾಯಕ ಹಳೇ ದುಃಖ ನೆನಪು ಮಾಡಿಕೊಳ್ತಾನೆ, ಎದ್ದು ನಿಲ್ತಾನೆ, ಎದುರಾಳಿಗೆ ಬೀಳುತ್ತೆ ಏಟು. ಬಾಲ್ಯದ ನೋವು ಅಲ್ಲಿ ಒಂಥರಾ ಪೆಟ್ರೋಲು. ಝೀರೋದಲ್ಲಿ ಹಾಗಿಲ್ಲ. ಅಲ್ಲಿ ಒಂಟಿ ಮಗುವೊಂದು ಒಂಟಿಯಾಗಿರೋದನ್ನ ಸುಮ್ಮನೆ ಕೂತು ನೋಡಬೇಕು.

ಕಥೆ ಇಷ್ಟು. ಎಕ್ಸ್ 679ನೇ ವರ್ಷ, ಟೆನ್ರೌ ದ್ವೀಪ. ಮೇವಿಸ್‌ಳ ಅಪ್ಪ-ಅಮ್ಮ ತೀರಿಕೊಂಡಿದ್ದಾರೆ. ಅವರ ಸಾಲ ತೀರಿಸೋಕೆ ಅಂತ ರೆಡ್ ಲಿಝಾರ್ಡ್ ಅನ್ನೋ ಗಿಲ್ಡ್‌ನ ಯಜಮಾನ ಇವಳನ್ನ ಇಟ್ಟುಕೊಂಡು ದುಡಿಸ್ತಾನೆ. ನಮ್ಮ ಭಾಷೆಯಲ್ಲಿ ಇದಕ್ಕೆ ಜೀತ ಅನ್ನೋ ಒಂದೇ ಪದ ಸಾಕು. ಯಜಮಾನನ ಮಗಳು ಝೆರಾ ಇವಳದೇ ವಯಸ್ಸಿನವಳು, ಇವಳನ್ನ ಕಂಡರೆ ಆಗಲ್ಲ, ಕಾಲು ಕೆರೆದು ಬೈತಾಳೆ. ಮೇವಿಸ್ ಮಾತ್ರ ಅಳೋದೇ ಇಲ್ಲ. ಅಳೋ ಮಕ್ಕಳ ಹತ್ತಿರ ಫೇರಿಗಳು ಬರೋದಿಲ್ಲ ಅನ್ನೋ ಮಾತನ್ನ ಅವಳು ಗಟ್ಟಿಯಾಗಿ ಹಿಡ್ಕೊಂಡಿದಾಳೆ. ಕೆಲಸ ಮುಗಿದ ಮೇಲೆ ಪುಸ್ತಕ ಓದ್ತಾಳೆ, ಫೇರಿಗಳಿಗೆ ಕಾಯ್ತಾಳೆ.

ಒಂದು ರಾತ್ರಿ ಬ್ಲೂ ಸ್ಕಲ್ ಅನ್ನೋ ಇನ್ನೊಂದು ಗಿಲ್ಡ್ ದ್ವೀಪದ ಮೇಲೆ ದಾಳಿ ಮಾಡುತ್ತೆ. ಊರಿಗೆ ಊರೇ ಉರಿದು ಹೋಗುತ್ತೆ. ಗಾಯಗೊಂಡ ಝೆರಾಳನ್ನ ಮೇವಿಸ್ ಎಳ್ಕೊಂಡು ಕಾಡಿಗೆ ಓಡ್ತಾಳೆ. ಆ ಕಾಡಿನಲ್ಲಿ ಬೈತಿದ್ದವಳೂ ಬೈಸಿಕೊಳ್ತಿದ್ದವಳೂ ಗೆಳತಿಯರಾಗ್ತಾರೆ.

ಏಳು ವರ್ಷ ದಾಟಿ ಎಕ್ಸ್ 686. ಇಬ್ಬರೂ ಬೆಳೆದಿದ್ದಾರೆ, ಆ ಖಾಲಿ ದ್ವೀಪದಲ್ಲಿ ಇಬ್ಬರೇ ಇದ್ದಾರೆ. ಟೆನ್ರೌ ಜೇಡ್ ಅನ್ನೋ ಮಣಿ ಹುಡುಕಿಕೊಂಡು ಯೂರಿ, ಪ್ರೆಕ್ಟ್, ವಾರಡ್ ಅಂತ ಮೂವರು ನಿಧಿ ಬೇಟೆಗಾರರು ಬರ್ತಾರೆ. ಮಣಿ ಅಲ್ಲಿಲ್ಲ, ಯಾವತ್ತೋ ಕಳುವಾಗಿದೆ. ಮಾತಿನ ಆಟದಲ್ಲಿ ಯೂರಿಯನ್ನ ಸೋಲಿಸಿದ ಮೇವಿಸ್ ಅವರ ಜೊತೆ ದ್ವೀಪ ಬಿಟ್ಟು ಹೊರಡ್ತಾಳೆ. ಝೆರಾ ಕೂಡ.

ಇಲ್ಲಿ ಸ್ವಲ್ಪ ನಿಲ್ಲಿಸಿ, ಇದನ್ನ ನಾನು ಯಾರ ಜೊತೆ ಕೂತು ನೋಡಿದೆ ಅಂತ ಹೇಳಬೇಕು.

ನಮ್ಮ ಮನೆ ಇರೋದು ಅರಸೀಕೆರೆಯಲ್ಲಿ. 2021ರ ಮೇ ತಿಂಗಳು ಹೇಗಿತ್ತು ಅಂತ ನಿಮಗೆ ಹೇಳಬೇಕಾಗಿಲ್ಲ. ತುಮಕೂರಿನಲ್ಲಿದ್ದ ನಮ್ಮ ಚಿಕ್ಕಪ್ಪ, ಚಿಕ್ಕಮ್ಮ ಇಬ್ಬರೂ ಅದೇ ತಿಂಗಳಲ್ಲಿ, ಒಂಬತ್ತು ದಿನದ ಅಂತರದಲ್ಲಿ ಹೋಗಿಬಿಟ್ಟರು. ಅವರ ಮಗಳಿಗೆ ಆಗ ಎಂಟು ವರ್ಷ. ಮನೆಯಲ್ಲಿ ಎಲ್ಲರೂ ಕರೆಯೋ ಹಾಗೆ ಪುಟ್ಟಿ ಅಂತಲೇ ಕರೀತೀನಿ. ಅಪ್ಪ ಪಾಸ್ ಮಾಡಿಸಿಕೊಂಡು ಕಾರಲ್ಲಿ ಹೋಗಿ ಕರ್ಕೊಂಡು ಬಂದರು. ಒಂದು ಸ್ಕೂಲ್ ಬ್ಯಾಗು, ಒಂದು ಬಟ್ಟೆ ಚೀಲ, ಚಿಕ್ಕಮ್ಮನ ಫೋನು. ಅಷ್ಟೇ ಅವಳ ಜೊತೆ ಬಂದದ್ದು.

ಕೋವಿಡ್‌ನಲ್ಲಿ ತಂದೆ-ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ಸರ್ಕಾರ ತಿಂಗಳಿಗೆ 3,500 ರೂಪಾಯಿ ಕೊಡುವ ಬಾಲ ಸೇವಾ ಯೋಜನೆ ತಂದಿತ್ತು. ಅದರ ಅರ್ಜಿ ತುಂಬೋಕೆ ಅಪ್ಪ ಒಂದು ಸಂಜೆ ಕೂತರು. ಜೋರಾಗಿ ಓದಿಕೊಂಡು ಬರೆಯೋದು ಅವರ ಅಭ್ಯಾಸ. 'ಅನಾಥ' ಅನ್ನೋ ಪದ ಬಂತು. ಅಜ್ಜಿ ಅಲ್ಲೇ ಸೊಪ್ಪು ಬಿಡಿಸ್ತಾ ಕೂತಿದ್ದವರು ತಲೆ ಎತ್ತಿದರು. "ಯಾರೋ ಅನಾಥೆ? ನಾನಿದೀನಿ, ನೀನಿದೀಯ, ನಿನ್ನ ಹೆಂಡ್ತಿ ಇದಾಳೆ. ಆ ಪದ ಹೊಡೆದುಹಾಕು." ಅಪ್ಪ, "ಅಮ್ಮಾ, ಫಾರಂನಲ್ಲಿ ಅವರೇ ಪ್ರಿಂಟ್ ಮಾಡಿರೋದು" ಅಂದರು. ಅಜ್ಜಿ ಸೊಪ್ಪು ಅಲ್ಲೇ ಬಿಟ್ಟು ಎದ್ದು ಒಳಗೆ ಹೋದರು. ಪುಟ್ಟಿ ಬಾಗಿಲ ಹತ್ತಿರ ನಿಂತು ಎಲ್ಲಾ ಕೇಳಿಸಿಕೊಳ್ತಿದ್ದಳು. ಏನೂ ಹೇಳಲಿಲ್ಲ.

ಏನೂ ಹೇಳದೆ ಇರೋದೇ ಅವಳ ಗುಣ ಆಗಿತ್ತು. ಬಂದವಳು ಅಳಲಿಲ್ಲ. ಮೊದಲ ವಾರ ಅಳಲಿಲ್ಲ, ತಿಥಿಯಲ್ಲಿ ಅಳಲಿಲ್ಲ, ಶಾಲೆ ಶುರುವಾದಾಗಲೂ ಅಳಲಿಲ್ಲ. ತಟ್ಟೆ ತಾನೇ ತೊಳೆದಿಡೋಳು. ಕರೆದರೆ ಬರೋಳು, ಕೊಟ್ಟದ್ದು ತಿನ್ನೋಳು. ಬಂದ ನೆಂಟರೆಲ್ಲ "ಎಷ್ಟು ಗಟ್ಟಿ ಮಗು ನೋಡಿ" ಅನ್ನೋರು. ಹೊಗಳಿಕೆ ಅದು. ಬೀದಿಯವರು, ಶಾಲೆಯ ಟೀಚರು, ಹಾಲಿನವರು, ಎಲ್ಲರ ಬಾಯಲ್ಲೂ ಅದೇ ಮಾತು. ಗಟ್ಟಿ ಮಗು. ನಾಲ್ಕು ವರ್ಷ ಅದೇ ಮಾತು ಕೇಳಿ ಕೇಳಿ ನನಗೆ ಆ ಪದ ಕಂಡರೇ ಒಂಥರಾ ಆಗುತ್ತೆ. ಒಂದು ಮಗುವಿಗೆ ಅಳಬೇಡ ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಅಳದೆ ಇದ್ದಾಗ ಹೊಗಳಿದರೆ ಸಾಕು.

ಹೋದ ಸೆಮಿಸ್ಟರ್ ರಜೆಯಲ್ಲಿ ಮನೆಗೆ ಹೋದಾಗ ಪುಟ್ಟಿಗೆ ಹನ್ನೆರಡು. ಮಳೆ ಹಿಡಿದಿತ್ತು. "ಅಣ್ಣಾ, ಏನಾದ್ರೂ ಹಾಕು" ಅಂದಳು. 328 ಎಪಿಸೋಡ್ ಯಾರು ತೋರಿಸ್ತಾರೆ, ಹತ್ತರಲ್ಲಿ ಮುಗಿಯೋದನ್ನ ಹಾಕೋಣ ಅಂತ ಝೀರೋ ಹಾಕಿದೆ. ಮೊದಲೇ ನೋಡಿದ್ದೆ, ಕಥೆಯ ಗುಟ್ಟೂ ಗೊತ್ತಿತ್ತು. ಇವಳಿಗೆ ಹಾಕಬೇಕೋ ಬೇಡವೋ ಅಂತ ಒಂದು ನಿಮಿಷ ಯೋಚನೆಯೂ ಬಂತು. ಹನ್ನೆರಡು ವರ್ಷದವಳು, ಅವಳಿಗೆ ಗೊತ್ತಿಲ್ಲದ್ದು ಇದರಲ್ಲಿ ಏನೂ ಇಲ್ಲ ಅಂತ ಹಾಕಿದೆ.

ಸಬ್‌ಟೈಟಲ್ ಅವಳೇ ಓದ್ತಾಳೆ, ಆದರೂ ಅಜ್ಜಿ ಪಕ್ಕದಲ್ಲಿ ಕೂತಿದ್ದರಿಂದ ನಡುನಡುವೆ ಕನ್ನಡದಲ್ಲಿ ಹೇಳಬೇಕಿತ್ತು. ಮೊದಲ ತೊಡಕು 'ಫೇರಿ'ಯಲ್ಲೇ. ಯಕ್ಷಿಣಿ ಅಂದೆ. ಅಜ್ಜಿ, "ಅಯ್ಯೋ, ಯಕ್ಷಿಣಿ ಬರಲಿ ಅಂತ ಯಾರಾದ್ರೂ ಕಾಯ್ತಾರಾ? ಬೇಡ ಅಂತ ಹೊಸಲಿಗೆ ಮೊಳೆ ಹೊಡೀತಾರೆ" ಅಂದರು. ಸರಿ, ಕಿನ್ನರಿ ಅಂದೆ. ಒಪ್ಪಿಗೆ ಆಯ್ತು. 'ಕಿನ್ನರಿಗೆ ಬಾಲ ಇದೆಯಾ' ಅನ್ನೋದೇ ಗಿಲ್ಡಿನ ಹೆಸರು ಅಂದರೆ ಪುಟ್ಟಿಗೆ ನಗು. ಕಿನ್ನರಿ ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಇದ್ದರೂ ಬಾಲ ಇದೆಯೋ ಇಲ್ಲವೋ ಅದೂ ಗೊತ್ತಿಲ್ಲ, ಹಾಗಾಗಿ ಹುಡುಕ್ತಾನೇ ಇರಬೇಕು ಅನ್ನೋದು ಆ ಹೆಸರಿನ ಹಿಂದಿನ ಅರ್ಥ. ಅಜ್ಜಿಗೆ ಬಾಲದ ವಿಚಾರ ಬೇಕಾಗಿರಲಿಲ್ಲ. "ಆ ಮಗುಗೆ ಒಂದು ಜೊತೆ ಚಪ್ಪಲಿ ಕೊಡಿಸೋಕೆ ಯಾರೂ ಇಲ್ವಾ?" ಅಂತ ಮೂರು ಸಲ ಕೇಳಿದರು. ಮೇವಿಸ್ ಕೊನೆಯವರೆಗೂ ಬರಿಗಾಲಲ್ಲೇ ಇರ್ತಾಳೆ ಅಂತ ನಾನು ಹೇಳಲಿಲ್ಲ.

ನಿಧಿ ಬೇಟೆಗಾರರು ಬಂದು ಒಂದೆರಡು ಎಪಿಸೋಡ್ ಆಗಿತ್ತು. ಪುಟ್ಟಿ ಕಡಲೆಕಾಯಿ ಬಿಡಿಸ್ತಾ ಇದ್ದವಳು ಕೈ ನಿಲ್ಲಿಸಿ, "ಅಣ್ಣಾ, ಆ ಮೂರು ಜನ ಝೆರಾ ಜೊತೆ ಮಾತೇ ಆಡ್ತಿಲ್ಲ ಅಲ್ವಾ?" ಅಂದಳು.

ನಾನು ಪಾಸ್ ಮಾಡಿದೆ.

"ಅವಳು ಮಾತಾಡ್ತಾಳೆ. ಇವರು ಯಾರೂ ತಿರುಗಿ ನೋಡಲ್ಲ. ಮೇವಿಸ್ ಒಬ್ಬಳೇ ನೋಡೋದು." ಸ್ವಲ್ಪ ಹೊತ್ತು ಬಿಟ್ಟು, "ಝೆರಾ ಇಲ್ಲ ಅಲ್ವಾ?" ಅಂದಳು.

ನಮ್ಮ ಬ್ಲಾಕಿನಲ್ಲಿ ಇದನ್ನ ನೋಡಿದವರು ಏಳೆಂಟು ಜನ ಇದ್ದೀವಿ. ಕೊನೆಯಲ್ಲಿ ಗುಟ್ಟು ಬಯಲಾಗುವ ಮೊದಲು ಅದನ್ನ ಕಂಡುಹಿಡಿದವರು ಒಬ್ಬರೂ ಇಲ್ಲ. ನಾವು ಮಣಿ ಎಲ್ಲಿದೆ, ಯಾರಿಗೆ ಯಾವ ಮ್ಯಾಜಿಕ್ ಬರುತ್ತೆ, ಝೆರೆಫ್ ಯಾವಾಗ ಬರ್ತಾನೆ ಅಂತ ನೋಡ್ತಿದ್ವಿ. ಒಂದು ಗುಂಪಿನಲ್ಲಿ ಯಾರು ಯಾರ ಕಡೆ ತಿರುಗ್ತಾರೆ, ಯಾರ ಮಾತಿಗೆ ಯಾರೂ ಉತ್ತರ ಕೊಡಲ್ಲ ಅನ್ನೋದನ್ನ ಇವಳು ನೋಡ್ತಿದ್ದಳು. ಹೊಸ ಮನೆಗೆ ಬಂದು ಸೇರಿಕೊಂಡ ಮಗುವಿಗೆ ಅದು ಅಭ್ಯಾಸ ಆಗಿರುತ್ತೆ ಅಂತ ಕಾಣುತ್ತೆ.

ಹೌದು, ಝೆರಾ ಇಲ್ಲ. ಆ ಕಾಡಿನ ರಾತ್ರಿಯೇ ಅವಳು ಸತ್ತಿದ್ದಳು. ಏಳು ವರ್ಷ ಮೇವಿಸ್ ಆ ದ್ವೀಪದಲ್ಲಿ ಒಬ್ಬಳೇ ಇದ್ದಳು. ತನಗೇ ಗೊತ್ತಿಲ್ಲದೆ ಮಾಯೆಯ ಮ್ಯಾಜಿಕ್ ಕಲಿತು, ತನಗೊಬ್ಬ ಗೆಳತಿಯನ್ನ ಮಾಡಿಕೊಂಡಿದ್ದಳು. ನಿಜವಾಗಿ ಸಿಕ್ಕ ಗೆಳೆತನ ಕೆಲವೇ ಗಂಟೆಯದ್ದು, ಅದನ್ನೇ ಏಳು ವರ್ಷ ಎಳೆದಿದ್ದಳು. ಎರಡನೇ ಸಲ ನೋಡುವಾಗ ಎಲ್ಲವೂ ಬೇರೆ ಥರ ಕಾಣುತ್ತೆ. ಮೇವಿಸ್‌ಗೆ ಝೆರಾ ಬೈಯೋದು, ಧೈರ್ಯ ಹೇಳೋದು, ಬುದ್ಧಿ ಹೇಳೋದು, ಎಲ್ಲಾ ಅವಳು ತನಗೆ ತಾನೇ ಹೇಳಿಕೊಂಡದ್ದು.

ಈ ಕಥೆಯ ಹೆಚ್ಚಿನ ಭಾಗ ಮಾಮೂಲಿ ಫೇರಿ ಟೇಲೇ, ಅದನ್ನೂ ಹೇಳಬೇಕು. ಹಾರ್ಜಿಯನ್ ಬಂದರು, ಅಲ್ಲಿಂದ ಮ್ಯಾಗ್ನೋಲಿಯಾ, ಊರನ್ನ ಹಿಡಿದಿಟ್ಟುಕೊಂಡ ಬ್ಲೂ ಸ್ಕಲ್, ಚರ್ಚಿನ ಮೇಲೆ ಡ್ರ್ಯಾಗನ್ ಅಸ್ಥಿಪಂಜರ. ಮಧ್ಯದ ಜಗಳಗಳು ಉದ್ದವಾದವು, ಮೂವರು ಗಂಡಸರ ಕಾಮಿಡಿ ಕೆಲವು ಕಡೆ ಸಪ್ಪೆ. ಯಸುಹರು ತಕನಾಶಿ ಅವರ ಸಂಗೀತ ಎಷ್ಟೋ ಸಲ ಕಥೆಯ ಸೋಮಾರಿತನವನ್ನ ಮುಚ್ಚುತ್ತೆ. ಅಜ್ಜಿ ಐದನೇ ಎಪಿಸೋಡಿಗೆ ಎದ್ದು ಹೋದರು.

ಆದರೆ ಕಾಡಿನಲ್ಲಿ ಝೆರೆಫ್ ಸಿಗುವ ಭಾಗ ಹಾಗಲ್ಲ. ತನ್ನ ಸುತ್ತಲಿನ ಜೀವಗಳು ಸಾಯುವ ಶಾಪ ಹೊತ್ತು ಜನರಿಂದ ದೂರ ಓಡಾಡ್ತಿರೋ ಮಾಂತ್ರಿಕ ಅವನು. ಇವರಿಗೆ ಮ್ಯಾಜಿಕ್ ಕಲಿಸ್ತಾನೆ. ಅವನಿಂದ ಅರ್ಧಂಬರ್ಧ ಕಲಿತ 'ಲಾ' ಅನ್ನೋ ಕಪ್ಪು ಮ್ಯಾಜಿಕ್ಕನ್ನ ಮೇವಿಸ್ ಕೊನೆಗೆ ಬಳಸ್ತಾಳೆ. ಮಣಿಯ ವಶಕ್ಕೆ ಸಿಕ್ಕ ಯೂರಿಯನ್ನ ಉಳಿಸೋಕೆ. ಯೂರಿ ಉಳೀತಾನೆ. ಬೆಲೆಯಾಗಿ ಮೇವಿಸ್‌ಳ ದೇಹ ಬೆಳೆಯೋದು ನಿಂತುಹೋಗುತ್ತೆ. ಹದಿಮೂರಕ್ಕೆ ನಿಂತದ್ದು, ಮುಂದೆ ಸರಣಿ ಪೂರ್ತಿ ಅವಳು ಹಾಗೇ ಇರ್ತಾಳೆ. ಟೆಸ್ಟಿಂಗ್ ಮುಗಿಯದ ಕೋಡನ್ನ ನೇರ ಓಡಿಸಿದ ಹಾಗೆ ಅಂತ ನಮ್ಮ ಸಿಎಸ್ ಗೆಳೆಯ ಹೇಳ್ತಾನೆ. ನಗು ಬರುತ್ತೆ, ಆದರೆ ಅವಳಿಗೆ ಬೇರೆ ದಾರಿ ಇರಲಿಲ್ಲ.

ಈ ಭಾಗ ಮುಗಿದಾಗ ಪುಟ್ಟಿ ಕೇಳಿದ ಪ್ರಶ್ನೆಗೆ ನಾನು ತಯಾರಿರಲಿಲ್ಲ. "ಝೆರಾ ಸತ್ತಾಗ ಚಿಕ್ಕವಳು. ಆಮೇಲೆ ಹೇಗೆ ದೊಡ್ಡವಳಾದಳು?"

ಮೇವಿಸ್ ಮನಸ್ಸಿನಲ್ಲಿ ಇದ್ದವಳಲ್ವಾ, ಮೇವಿಸ್ ಬೆಳೆದ ಹಾಗೆ ಅವಳೂ ಬೆಳೆದಳು ಅಂದೆ.

"ಅಂದ್ರೆ ದೊಡ್ಡವಳಾದ ಝೆರಾ ಮುಖ ಹೆಂಗಿರುತ್ತೆ ಅಂತ ಮೇವಿಸ್ಸೇ ಯೋಚನೆ ಮಾಡಿದ್ದಾ?"

ಹೌದು.

"ಹಂಗಾದ್ರೆ ನಿಜವಾದ ಮುಖ ಮರೆತು ಹೋಗಿರಲ್ವಾ?"

ಈ ಒಂದು ವಿಷಯ ನಾನು ಎರಡು ಸಲ ನೋಡಿದಾಗಲೂ ಹೀಗೆ ಯೋಚನೆ ಮಾಡಿರಲಿಲ್ಲ. ಸತ್ತವಳು ಬೆಳೀತಾ ಹೋಗ್ತಾಳೆ, ಬದುಕಿದವಳು ಬೆಳೆಯೋದು ನಿಂತುಹೋಗುತ್ತೆ. ಮಾಶಿಮಾ ಅದನ್ನ ಬೇಕು ಅಂತಲೇ ಹಾಗೆ ಎದುರುಬದುರು ಇಟ್ಟರೋ, ತಾನಾಗೇ ಬಂತೋ, ಹೇಗೇ ಇರಲಿ, ಇಡೀ ಫೇರಿ ಟೇಲ್‌ನಲ್ಲಿ ನನಗೆ ಇದಕ್ಕಿಂತ ಒಳ್ಳೇ ಕಲ್ಪನೆ ಸಿಕ್ಕಿಲ್ಲ. ಮೇವಿಸ್‌ಗೆ ಆರು ವರ್ಷದ ಝೆರಾ ಸಾಕಾಗಿರಲಿಲ್ಲ. ಹನ್ನೆರಡಕ್ಕೆ ಹನ್ನೆರಡರ ಗೆಳತಿ ಬೇಕು, ಹದಿಮೂರಕ್ಕೆ ಹದಿಮೂರರವಳು. ನೆನಪನ್ನ ಇದ್ದ ಹಾಗೆ ಇಟ್ಟುಕೊಂಡಿದ್ದರೆ ಅದು ಹಳೇ ಫೋಟೋ ಆಗ್ತಿತ್ತು, ಮಾತಾಡ್ತಿರಲಿಲ್ಲ. ಬೆಳೆಸಿದ್ದರಿಂದ ಮಾತಾಡಿತು. ಆದರೆ ಬೆಳೆಸಿದಷ್ಟೂ ನಿಜದ ಝೆರಾಳಿಂದ ದೂರ ಹೋಯಿತು.

ಇದನ್ನೆಲ್ಲ ಪುಟ್ಟಿಗೆ ಹೇಳಲಿಲ್ಲ. ಅವಳೇ ಹೇಳಿದಳು. "ನನಗೆ ಅಮ್ಮನ ಮುಖ ಗೊತ್ತು, ಫೋಟೋ ಇದೆ. ವಾಯ್ಸ್ ಮರೆತುಹೋಗ್ತಿದೆ."

ನಾಲ್ಕು ವರ್ಷದಲ್ಲಿ ಅವಳು ಅಮ್ಮ ಅನ್ನೋ ಪದ ನನ್ನ ಮುಂದೆ ಆಡಿದ್ದು ಅದೇ ಮೊದಲು.

ಒಂದು ನಿಮಿಷ ಒಳಗೆ ಹೋಗಿ ಚಿಕ್ಕಮ್ಮನ ಫೋನು ತಂದಳು. ಅದು ಅವಳ ಬಟ್ಟೆಗಳ ಕೆಳಗೆ ಇಷ್ಟು ದಿನ ಇತ್ತಂತೆ. ಮೊದಲೆಲ್ಲ ಚಾರ್ಜ್ ಹಾಕಿ ವಾಟ್ಸಾಪ್‌ನಲ್ಲಿ ಇರೋ ವಾಯ್ಸ್ ಮೆಸೇಜ್ ಕೇಳ್ತಿದ್ದಳಂತೆ. ಆರು ತಿಂಗಳಿಂದ ಆನ್ ಆಗ್ತಿಲ್ಲ. ಹಿಂದಿನ ಮುಚ್ಚಳ ಉಬ್ಬಿ ನಿಂತಿತ್ತು, ಬ್ಯಾಟರಿ ಊದಿಕೊಂಡಿದೆ. ಯಾರಿಗೂ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲ ಅಂದರೆ, "ದೊಡ್ಡಮ್ಮ ಬೇಜಾರು ಮಾಡ್ಕೋತಾರೆ" ಅಂದಳು.

ಊದಿದ ಬ್ಯಾಟರಿ ಇರೋ ಫೋನನ್ನ ಯಾರೂ ಚಾರ್ಜ್‌ಗೆ ಹಾಕಬೇಡಿ, ಒತ್ತಬೇಡಿ, ಮನೆಯಲ್ಲಿ ಬಿಚ್ಚೋಕೂ ಹೋಗಬೇಡಿ. ಇಂಜಿನಿಯರಿಂಗ್ ಓದೋರಿಗೆ ಇಷ್ಟಾದರೂ ಗೊತ್ತಿರಬೇಕು. ಮಾರನೇ ದಿನ ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ರಿಪೇರಿ ಅಂಗಡಿಗೆ ಹೋದೆವು. ಅವರು ಹಳೇ ಬ್ಯಾಟರಿ ತೆಗೆದು ಬೇರೆಯದು ಕೂರಿಸಿದರು. ಆನ್ ಆಯ್ತು. ಪ್ಯಾಟರ್ನ್ ಲಾಕ್ ಪುಟ್ಟಿಗೆ ಗೊತ್ತಿತ್ತು, ಇಂಗ್ಲಿಷಿನ ಎಲ್ ಅಕ್ಷರ. ವಾಟ್ಸಾಪ್ ಯಾವತ್ತೋ ಲಾಗೌಟ್ ಆಗಿತ್ತು, ಚಿಕ್ಕಮ್ಮನ ನಂಬರೂ ಈಗಿಲ್ಲ, ಹಾಗಾಗಿ ಒಳಗೆ ಹೋಗೋಕಾಗಲಿಲ್ಲ. ಆದರೆ ವಾಯ್ಸ್ ಮೆಸೇಜುಗಳು ಫೋನಿನ ಮೆಮೊರಿಯಲ್ಲಿ ಬೇರೆ ಫೋಲ್ಡರಿನಲ್ಲಿ, ಸಾದಾ ಆಡಿಯೋ ಫೈಲುಗಳಾಗಿ ಕೂತಿರ್ತವೆ. ವಾರಕ್ಕೊಂದು ಫೋಲ್ಡರು. ಕೇಬಲ್ ಹಾಕಿ ಅಷ್ಟನ್ನೂ ಲ್ಯಾಪ್‌ಟಾಪಿಗೆ ಎಳೆದೆ. ನೂರಾರಿದ್ದವು. ಬಹಳಷ್ಟು ಬೇರೆಯವರು ಚಿಕ್ಕಮ್ಮನಿಗೆ ಕಳಿಸಿದ್ದು. ಪುಟ್ಟಿ ಒಂದೊಂದನ್ನೇ ಕೇಳಿ ಬೇರೆ ಮಾಡಿದಳು. ಚಿಕ್ಕಮ್ಮನ ಧ್ವನಿ ಇದ್ದದ್ದು ನಲವತ್ತೊಂದು.

ಅದರಲ್ಲಿ ವಿಶೇಷ ಏನೂ ಇಲ್ಲ. ಬರ್ತಾ ಕೊತ್ತಂಬರಿ ತನ್ನಿ. ಗ್ಯಾಸ್ ಬುಕ್ ಮಾಡಿದ್ರಾ. ಪುಟ್ಟಿಗೆ ಆನ್‌ಲೈನ್ ಕ್ಲಾಸಲ್ಲಿ ಮಿಸ್ ಬೈದ್ರಂತೆ, ನೀವು ಸ್ವಲ್ಪ ಮಾತಾಡಿ. ಹದಿನೇಳು ಸೆಕೆಂಡಿನ ಒಂದರಲ್ಲಿ ಚಿಕ್ಕಮ್ಮ ಏನೋ ಹೇಳೋಕೆ ಹೋಗಿ ಹಿಂದೆ ತಿರುಗಿ "ಏಯ್, ಇಳಿಯೇ ಕೆಳಗೆ" ಅಂತ ಕೂಗ್ತಾರೆ, ಹಿಂದಿನಿಂದ ಎಂಟು ವರ್ಷದ ಪುಟ್ಟಿ ನಗೋದು ಕೇಳಿಸುತ್ತೆ. ಅದನ್ನ ಕೇಳಿ ಅವಳು ಅತ್ತಳು. ಜೋರಾಗಿ, ಬಾಯಿ ಬಿಟ್ಟು, ಅಡುಗೆಮನೆಯಿಂದ ಅಮ್ಮ, ಹಿತ್ತಲಿಂದ ಅಜ್ಜಿ ಓಡಿ ಬರೋ ಹಾಗೆ. ಅಜ್ಜಿ ಏನಾಯ್ತು ಅಂತ ಕೇಳಲಿಲ್ಲ. ಪಕ್ಕದಲ್ಲಿ ಕೂತು ತೊಡೆ ಮೇಲೆ ತಲೆ ಇಟ್ಟುಕೊಂಡು, "ಅಳು ಕಂದಾ, ಅಳು" ಅಂದರು.

ಉಳಿದ ಎಪಿಸೋಡ್‌ಗಳನ್ನ ಎರಡು ದಿನ ಬಿಟ್ಟು ನೋಡಿದೆವು. ಕೊನೆಯಲ್ಲಿ ಜೊತೆಗಿದ್ದ ಮೂವರಿಗೂ ಮೊದಲಿನಿಂದ ಝೆರಾ ಕಂಡೇ ಇರಲಿಲ್ಲ ಅನ್ನೋದು ಮೇವಿಸ್‌ಗೆ ಗೊತ್ತಾಗುತ್ತೆ. ಝೆರಾ ಬೀಳ್ಕೊಡ್ತಾಳೆ. ಆರು ವರ್ಷಕ್ಕೇ ಅಳೋದಿಲ್ಲ ಅಂತ ಪಣ ತೊಟ್ಟಿದ್ದ ಮೇವಿಸ್ ಅಲ್ಲಿ ಅಳ್ತಾಳೆ. ಮೊದಲ ಸಲ ನೋಡಿದಾಗ ಇದು ಸ್ವಲ್ಪ ಜಾಸ್ತಿ ಆಯ್ತು, ಅನಿಮೆಯವರಿಗೆ ಅಳಿಸೋದೇ ಕೆಲಸ ಅಂತ ನನಗೆ ಅನ್ನಿಸಿತ್ತು. ಈ ಸಲ ಅನ್ನಿಸಲಿಲ್ಲ. ಆಮೇಲೆ ನಾಲ್ವರೂ ಸೇರಿ ಗಿಲ್ಡ್ ಕಟ್ತಾರೆ. ಫೇರಿ ಟೇಲ್‌ನಲ್ಲಿ ಮಾತೆತ್ತಿದರೆ ಗೆಳೆಯರು, ಗೆಳೆಯರ ಬಲ ಅಂತಾರಲ್ಲ, ಅದನ್ನ ನಾವು ಮೀಮ್ ಮಾಡಿ ನಗ್ತೀವಲ್ಲ, ಅದಕ್ಕೆ ಅಡಿಪಾಯ ಹಾಕಿದವಳು ಏಳು ವರ್ಷ ಇಲ್ಲದ ಗೆಳತಿಯ ಜೊತೆ ಊಟ ಮಾಡಿದವಳು. ಇದು ಗೊತ್ತಿದ್ದು ಮೂಲ ಸರಣಿಗೆ ವಾಪಸ್ ಹೋದರೆ ಆ ಗದ್ದಲವೇ ಬೇರೆ ಥರ ಕೇಳಿಸುತ್ತೆ. ಆ ಗಿಲ್ಡಿನ ಜನ ಯಾಕೆ ಅಷ್ಟು ಕೂಗಾಡ್ತಾರೆ, ಯಾಕೆ ಒಬ್ಬರನ್ನೂ ಒಬ್ಬರೇ ಕೂತು ಉಣ್ಣೋಕೆ ಬಿಡಲ್ಲ ಅನ್ನೋದು.

ಪುಟ್ಟಿಯ ಅಭಿಪ್ರಾಯ ಬೇರೆ. ಝೆರಾ ಹೋಗಬಾರದಿತ್ತು ಅಂತಾಳೆ. "ಗೆಳೆಯರು ಸಿಕ್ಕಿದ್ರು ಸರಿ. ಅವಳೂ ಇದ್ದಿದ್ರೆ ಏನಾಗ್ತಿತ್ತು? ಯಾರಿಗೆ ತೊಂದರೆ?" ನಾನು, ಮಾಯೆ ಅಂತ ಗೊತ್ತಾದ ಮೇಲೆ ಹೇಗೆ ಇಟ್ಟುಕೊಳ್ಳೋಕಾಗುತ್ತೆ, ಹೋಗಲೇಬೇಕು ಅಂತ ವಾದ ಮಾಡಿದೆ. ಅವಳು ಒಪ್ಪಲಿಲ್ಲ. ಈಗಲೂ ಒಪ್ಪಿಲ್ಲ. ಅವಳು ಹೇಳೋದರಲ್ಲೂ ಏನೋ ಇದೆ ಅಂತ ನನಗೆ ಈಚೆಗೆ ಅನ್ನಿಸ್ತಿದೆ, ಅವಳ ಮುಂದೆ ಹೇಳಿಲ್ಲ ಅಷ್ಟೇ.

ನಲವತ್ತೊಂದು ಫೈಲುಗಳು ಈಗ ನನ್ನ ಲ್ಯಾಪ್‌ಟಾಪಿನಲ್ಲಿ, ಒಂದು ಪೆನ್‌ಡ್ರೈವಿನಲ್ಲಿ, ಡ್ರೈವಿನಲ್ಲಿ, ಅಪ್ಪನ ಫೋನಿನಲ್ಲಿ, ನಾಲ್ಕು ಕಡೆ ಇವೆ. ಕೊತ್ತಂಬರಿಯದ್ದನ್ನ ಅಪ್ಪ ಆಗಾಗ ಕೇಳ್ತಾರೆ. ಅದರಲ್ಲಿ ಚಿಕ್ಕಮ್ಮ ಮಾತು ಮುಗಿಸೋ ಮೊದಲು ಚಿಕ್ಕಪ್ಪನ ಹೆಸರು ಹಿಡಿದು ಕರೆಯೋದು ಕೇಳಿಸುತ್ತೆ.

ಪುಟ್ಟಿ ಈಗ ಮೂಲ ಸರಣಿಯನ್ನ ಒಂದನೇ ಎಪಿಸೋಡಿನಿಂದ ಶುರು ಮಾಡಿದ್ದಾಳೆ. ಭಾನುವಾರಕ್ಕೆ ಮೂರು ಅಂತ ಅಮ್ಮ ಲೆಕ್ಕ ಇಟ್ಟಿದ್ದಾರೆ. ಅವಳು ಒಂದೂ ಸ್ಕಿಪ್ ಮಾಡಲ್ಲ, ಫಿಲ್ಲರ್ ಅಂದರೆ ಏನು ಅಂತಲೇ ಗೊತ್ತಿಲ್ಲ. ಮೊನ್ನೆ ಇಂಟರ್ನಲ್ಸ್ ಹಿಂದಿನ ರಾತ್ರಿ ಮೆಸೇಜ್ ಮಾಡಿದ್ದಳು: ಇದರಲ್ಲಿ ಮೇವಿಸ್ ಯಾವಾಗ ಬರ್ತಾಳೆ? ಬರ್ತಾಳೆ ನೋಡ್ತಿರು ಅಂತ ಹಾಕಿದೆ. ಮೂಲ ಕಥೆಯಲ್ಲಿ ಮೇವಿಸ್ ಬರೋದು ಸತ್ತ ಎಷ್ಟೋ ವರ್ಷದ ಮೇಲೆ, ಅದೂ ಗಿಲ್ಡಿನ ಮುದ್ರೆ ಇದ್ದವರ ಕಣ್ಣಿಗೆ ಮಾತ್ರ. ಕ್ರೀಡಾಂಗಣದ ತುಂಬ ಜನ ಇರ್ತಾರೆ, ಬರಿಗಾಲಲ್ಲಿ ಕಟ್ಟೆ ಮೇಲೆ ಕೂತು ಚಪ್ಪಾಳೆ ತಟ್ಟೋ ಹುಡುಗಿ ಅವರ್ಯಾರಿಗೂ ಕಾಣಿಸಲ್ಲ. ಅದನ್ನ ಅವಳಿಗೆ ಇನ್ನೂ ಹೇಳಿಲ್ಲ. ವಾರಕ್ಕೆ ಮೂರರ ಲೆಕ್ಕದಲ್ಲಿ ಅಲ್ಲಿಗೆ ಮುಟ್ಟೋಕೆ ಅವಳಿಗೆ ಒಂದು ವರ್ಷ ಬೇಕು.